ಉಚಿತ ದಂತ ಚಿಕಿತ್ಸೆ: ಹಕ್ಕು ಕಾಗದದಲ್ಲಿದೆ, ಕುರ್ಚಿ ಎಲ್ಲಿದೆ?

ನಿಧಾನವಾಚಕ

ಕಳೆದ ತಿಂಗಳು ನನ್ನ ಕೆಳದವಡೆಯ ಹಲ್ಲೊಂದರ ಬುಡದಲ್ಲಿ ಕೀವು ತುಂಬಿ, ಕೆನ್ನೆ ಊದಿಕೊಂಡು, ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದ ಮೇಲೆ ಸರ್ಕಾರಿ ದಂತ ವಿಭಾಗವೊಂದಕ್ಕೆ ಹೋದೆ. ಅಲ್ಲಿನ ವೈದ್ಯರು ಎಕ್ಸ್‌ರೇ ನೋಡಿ, ರೂಟ್ ಕೆನಾಲ್ ಮಾಡಿದರೆ ಈ ಹಲ್ಲು ಉಳಿಯುತ್ತದೆ, ಆದರೆ ಇಲ್ಲಿ ನಾನು ಮಾಡಿಕೊಡಬಹುದಾದದ್ದು ಕೀಳುವುದೊಂದನ್ನೇ ಎಂದು ಸಂಕೋಚದಿಂದ ಹೇಳಿದರು. ಚಿಕಿತ್ಸೆ ಉಚಿತ ಎಂಬ ಫಲಕ ಅವರ ಹಿಂದಿನ ಗೋಡೆಯ ಮೇಲೆಯೇ ಇತ್ತು. ಫಲಕದಲ್ಲಿ ಸುಳ್ಳೇನೂ ಇರಲಿಲ್ಲ, ಕೀಳುವುದು ನಿಜಕ್ಕೂ ಉಚಿತವಾಗಿತ್ತು.

ಅಂದಿನಿಂದ ಎರಡು ಸಂಗತಿಗಳು ನನ್ನನ್ನು ಕಾಡುತ್ತಿವೆ. ಹೃದಯದ ಶಸ್ತ್ರಚಿಕಿತ್ಸೆಗೂ ಮೂಳೆ ಮುರಿತಕ್ಕೂ ಹಣ ಕೊಡಲು ಒಪ್ಪುವ ಸಾರ್ವಜನಿಕ ವ್ಯವಸ್ಥೆಗಳು ಹಲ್ಲಿನ ವಿಷಯ ಬಂದಾಗ ಮಾತ್ರ ಏಕೆ ಹಿಂದೆ ಸರಿಯುತ್ತವೆ? ಹಣ ಕೊಡುತ್ತೇವೆಂದು ಸರ್ಕಾರವೇ ಘೋಷಿಸಿರುವ ದೇಶಗಳಲ್ಲೂ ಜನರಿಗೆ ದಂತವೈದ್ಯರು ಸಿಗುತ್ತಿಲ್ಲವೆಂಬ ದೂರು ಏಕೆ ಕೇಳಿಬರುತ್ತದೆ? ಬಲ್ಲವರು ದಯವಿಟ್ಟು ವಿವರಿಸಬೇಕು.

ಹಳೆಕಡತ

ತಮ್ಮ ಮೊದಲ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇತಿಹಾಸದಲ್ಲಿದೆ. ದಂತವೈದ್ಯಕೀಯ ಬೆಳೆದದ್ದು ವೈದ್ಯಕೀಯದ ಒಳಗಲ್ಲ, ಅದರ ಪಕ್ಕದಲ್ಲಿ. ದಂತವೈದ್ಯರಿಗೆಂದೇ ಪ್ರತ್ಯೇಕವಾದ ಮೊದಲ ಕಾಲೇಜು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1840ರಲ್ಲಿ ಆರಂಭವಾಯಿತು. ಆಮೇಲೆ ಓದು ಬೇರೆ, ಪದವಿ ಬೇರೆ, ಪರವಾನಗಿ ಬೇರೆ ಎಂಬ ಕ್ರಮ ಜಗತ್ತಿನ ಬಹುಭಾಗದಲ್ಲಿ ನೆಲೆಯೂರಿತು. ನೂರು ವರ್ಷಗಳ ನಂತರ ಸರ್ಕಾರಗಳು ಆರೋಗ್ಯ ವಿಮೆಯನ್ನು ರೂಪಿಸಲು ಕುಳಿತಾಗ ಈ ಬೇಲಿ ಸಿದ್ಧವಾಗಿಯೇ ಇತ್ತು, ಅದರಾಚೆಗೆ ಇರುವುದನ್ನು ಬಿಟ್ಟುಬಿಡುವುದು ಸುಲಭವಾಯಿತು. ಅಮೆರಿಕದಲ್ಲಿ ವೃದ್ಧರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಕಾನೂನು ಸಾಮಾನ್ಯ ದಂತ ಚಿಕಿತ್ಸೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಕೆನಡಾ ಮತ್ತು ಆಸ್ಟ್ರೇಲಿಯಾದ ಸಾರ್ವತ್ರಿಕ ವಿಮೆಗಳೂ ವಯಸ್ಕರ ಹಲ್ಲನ್ನು ಹೊರಗೇ ಬಿಟ್ಟವು.

ಇದಕ್ಕೆ ವಿರುದ್ಧವಾಗಿ ನಡೆದುಕೊಂಡದ್ದು ಬ್ರಿಟನ್. ಅಲ್ಲಿ 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಹಲ್ಲಿನ ಚಿಕಿತ್ಸೆಯೂ ಪೂರ್ತಿ ಉಚಿತವಾಗಿತ್ತು. ವರ್ಷಗಟ್ಟಲೆ ಹಲ್ಲುಕಚ್ಚಿ ನೋವನ್ನು ತಾಳಿಕೊಂಡಿದ್ದ ಜನ ಒಮ್ಮೆಲೇ ನುಗ್ಗಿದರು, ಅಂದಾಜುಗಳೆಲ್ಲ ತಲೆಕೆಳಗಾದವು. ಮೂರೇ ವರ್ಷಗಳಲ್ಲಿ, 1951ರಲ್ಲಿ, ಹಲ್ಲಿನ ಸೆಟ್ಟು ಮತ್ತು ಕನ್ನಡಕಗಳ ವೆಚ್ಚದ ಅರ್ಧದಷ್ಟನ್ನು ರೋಗಿಯಿಂದಲೇ ಪಡೆಯಲು ಸರ್ಕಾರ ತೀರ್ಮಾನಿಸಿತು. ಆ ಸೇವೆಯನ್ನು ಕಟ್ಟಿದ ಅನೂರಿನ್ ಬೆವನ್ ಅವರು ಇದನ್ನು ವಿರೋಧಿಸಿ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಮರುವರ್ಷ ಸಾಮಾನ್ಯ ದಂತ ಚಿಕಿತ್ಸೆಗೂ ಒಂದು ಪೌಂಡಿನವರೆಗಿನ ಶುಲ್ಕ ಬಂದಿತು. ಉಚಿತ ಸೇವೆಯ ತತ್ತ್ವದಲ್ಲಿ ಮೊದಲ ಬಿರುಕು ಬಿದ್ದದ್ದು ಬಾಯಿಯಲ್ಲಿ ಎಂಬುದು ನನಗೆ ಯಾವಾಗಲೂ ಅರ್ಥಪೂರ್ಣವಾಗಿ ಕಂಡಿದೆ.

ಲೆಕ್ಕಿಗ

ಇತಿಹಾಸ ಸರಿ, ಆದರೆ ಬ್ರಿಟನ್ನಿನ ಆ ಮೂರು ವರ್ಷಗಳಿಂದ ಕಲಿಯಬೇಕಾದ ಪಾಠವನ್ನು ಹಳೆಕಡತ ಅವರು ಭಾವುಕತೆಯಲ್ಲಿ ಮರೆಸುತ್ತಿದ್ದಾರೆ ಎಂದು ನನ್ನ ಭಾವನೆ. ಹಲ್ಲಿನ ಹುಳುಕು ಅಪರೂಪದ ಕಾಯಿಲೆಯಲ್ಲ. ಬಾಯಿಯ ರೋಗಗಳು ಜಗತ್ತಿನಲ್ಲಿ ಸುಮಾರು 350 ಕೋಟಿ ಜನರನ್ನು ಬಾಧಿಸುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2022ರ ವರದಿಯಲ್ಲಿ ಹೇಳಿದೆ. ವಿಮೆಯ ತತ್ತ್ವ ನಡೆಯುವುದು ಕೆಲವರಿಗೆ ಬರುವ ದೊಡ್ಡ ವೆಚ್ಚವನ್ನು ಎಲ್ಲರೂ ಹಂಚಿಕೊಂಡಾಗ. ಎಲ್ಲರಿಗೂ ಬರುವ, ಮತ್ತೆ ಮತ್ತೆ ಬರುವ, ಮುಂದಕ್ಕೆ ಹಾಕಬಹುದಾದ ವೆಚ್ಚವನ್ನು ಎಲ್ಲರಿಂದ ಪಡೆದು ಎಲ್ಲರಿಗೂ ಕೊಡುವುದರಲ್ಲಿ ಹಂಚಿಕೆ ಏನು ಬಂತು? ಬೊಕ್ಕಸದಲ್ಲಿ ಇರುವಷ್ಟನ್ನು ನಿಜವಾಗಿಯೂ ಗತಿಯಿಲ್ಲದವರಿಗೆ ಕೊಡುವುದು ನ್ಯಾಯ.

ಕೆನಡಾ ಈಗ ಅದನ್ನೇ ಮಾಡುತ್ತಿದೆ. ಅಲ್ಲಿನ ದಂತ ಚಿಕಿತ್ಸಾ ಯೋಜನೆ 2024ರ ಮೇ ತಿಂಗಳಲ್ಲಿ ವೃದ್ಧರಿಂದ ಆರಂಭವಾಗಿ, ಮರುವರ್ಷ ಇತರ ವಯಸ್ಕರಿಗೂ ವಿಸ್ತರಿಸಿತು. ಖಾಸಗಿ ದಂತವಿಮೆ ಇಲ್ಲದ, 90,000 ಡಾಲರಿಗಿಂತ ಕಡಿಮೆ ವಾರ್ಷಿಕ ಆದಾಯದ ಕುಟುಂಬಗಳಿಗೆ ಅದು ಅನ್ವಯಿಸುತ್ತದೆ. ಆದಾಯ 70,000ಕ್ಕಿಂತ ಕಡಿಮೆಯಿದ್ದರೆ ಯೋಜನೆಯ ದರವನ್ನು ಸರ್ಕಾರ ಪೂರ್ತಿ ಭರಿಸುತ್ತದೆ, ಅದರ ಮೇಲಿನವರು 40 ಅಥವಾ 60 ಶೇಕಡಾ ತಾವೇ ಕೊಡುತ್ತಾರೆ. ಉಳ್ಳವರ ಹಲ್ಲಿಗೆ ತೆರಿಗೆಯ ಹಣ ಹೋಗುವುದಿಲ್ಲ. ಇದಕ್ಕಿಂತ ಒಪ್ಪವಾದ ವ್ಯವಸ್ಥೆ ಬೇಕೆ?

ಸಂಜೆಪಾಳಿ

ನಾನು ದಂತವೈದ್ಯೆ. ಸರ್ಕಾರಿ ಸೇವೆಯಲ್ಲೂ ಖಾಸಗಿಯಲ್ಲೂ ದುಡಿದಿದ್ದೇನೆ. ಲೆಕ್ಕಿಗ ಅವರು ಹಣ ಯಾರಿಗೆ ಹೋಗಬೇಕು ಎಂಬುದನ್ನು ಕುರಿತು ಬರೆದಿದ್ದಾರೆ. ನಾನು ಅದರ ಇನ್ನೊಂದು ತುದಿಯನ್ನು, ಅಂದರೆ ಆ ಹಣ ದಂತವೈದ್ಯರಿಗೆ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ನಿಧಾನವಾಚಕ ಅವರ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇಂಗ್ಲೆಂಡಿನಲ್ಲಿ 2006ರವರೆಗೆ ದಂತವೈದ್ಯರಿಗೆ ಕೆಲಸದ ಲೆಕ್ಕದಲ್ಲಿ ಹಣ ಸಲ್ಲುತ್ತಿತ್ತು. ಒಂದು ಹಲ್ಲು ತುಂಬಿದರೆ ಇಷ್ಟು, ಒಂದು ಕ್ಯಾಪ್ ಹಾಕಿದರೆ ಇಷ್ಟು. ಹೀಗೆ ಕೊಟ್ಟರೆ ಅಗತ್ಯವಿಲ್ಲದ ಹಲ್ಲನ್ನೂ ಕೊರೆಯುವ ಆಸೆ ಹುಟ್ಟುತ್ತದೆಂಬ ಆಕ್ಷೇಪದಲ್ಲಿ ಹುರುಳಿತ್ತು. ಆದ್ದರಿಂದ ಆ ವರ್ಷ ಹೊಸ ಒಪ್ಪಂದ ಬಂದಿತು. ಪ್ರತಿ ಚಿಕಿತ್ಸಾಲಯಕ್ಕೂ ವರ್ಷಕ್ಕೆ ಇಂತಿಷ್ಟು ಹಣ, ಅದಕ್ಕೆ ಪ್ರತಿಯಾಗಿ ಇಂತಿಷ್ಟು 'ಘಟಕ'ಗಳ ಕೆಲಸ ಎಂದು ನಿಗದಿಯಾಯಿತು. ಬಾಯಿ ಪರೀಕ್ಷಿಸಿದರೆ ಒಂದು ಘಟಕ. ಹಲ್ಲು ತುಂಬುವುದು, ಕೀಳುವುದು, ರೂಟ್ ಕೆನಾಲ್ ಇವೆಲ್ಲ ಸೇರಿದ ಎರಡನೆಯ ದರ್ಜೆಗೆ ಮೂರು ಘಟಕ. ಕ್ಯಾಪ್, ಸೆಟ್ಟು, ಬ್ರಿಜ್‌ಗಳಿಗೆ ಹನ್ನೆರಡು.

ಇದರಲ್ಲಿ ತೊಡಕು ಎಲ್ಲಿದೆ ಎಂದರೆ, ಒಂದು ಹಲ್ಲು ತುಂಬಿದರೂ ಮೂರೇ ಘಟಕ, ಎಂಟು ಹಲ್ಲು ತುಂಬಿದರೂ ಮೂರೇ ಘಟಕ. ಹತ್ತು ವರ್ಷ ದಂತವೈದ್ಯರ ಮುಖ ಕಾಣದ ರೋಗಿಯೊಬ್ಬರು ಬಾಯಿ ತುಂಬ ಹುಳುಕು ಇಟ್ಟುಕೊಂಡು ಬಂದರೆ ಅವರಿಗೆ ಐದಾರು ಭೇಟಿಗಳು ಬೇಕು. ಅಷ್ಟು ಗಂಟೆಗಳ ಕೆಲಸಕ್ಕೆ ಸಿಗುವುದು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಸಿಗುವಷ್ಟೇ ಹಣ. ಆರೋಗ್ಯವಂತರು ಬಂದರೆ ಚಿಕಿತ್ಸಾಲಯ ನಡೆಯುತ್ತದೆ, ಹೆಚ್ಚು ಅಗತ್ಯವಿರುವವರು ಬಂದರೆ ನಷ್ಟವಾಗುತ್ತದೆ. ದವಡೆಹಲ್ಲಿನ ರೂಟ್ ಕೆನಾಲ್‌ಗೂ ಅದನ್ನು ಕೀಳುವುದಕ್ಕೂ ಒಂದೇ ಬೆಲೆ ಎಂದಾದಾಗ ಯಾವುದು ಹೆಚ್ಚು ನಡೆಯುತ್ತದೆಂದು ಊಹಿಸಲು ದಂತವೈದ್ಯರೇ ಆಗಬೇಕಿಲ್ಲ. ಇದರ ಮೇಲೆ ಮತ್ತೊಂದು: ವರ್ಷದ ಗುರಿಯಲ್ಲಿ ಶೇಕಡಾ 96ರಷ್ಟನ್ನು ಮುಟ್ಟದಿದ್ದರೆ ಹಣವನ್ನು ಹಿಂದಿರುಗಿಸಬೇಕು. 2022ರ ನವೆಂಬರಿನಲ್ಲಿ ಮೂರು ಅಥವಾ ಹೆಚ್ಚು ಹಲ್ಲು ತುಂಬಿದರೆ ಐದು ಘಟಕ, ದವಡೆಹಲ್ಲಿನ ರೂಟ್ ಕೆನಾಲ್‌ಗೆ ಏಳು ಘಟಕ ಎಂದು ತಿದ್ದಿದರು. ಹದಿನಾರು ವರ್ಷ ತೆಗೆದುಕೊಂಡರು ಎಂಬುದನ್ನು ಗಮನಿಸಬೇಕು.

ಈ ನಡುವೆ ದಂತವೈದ್ಯರು ಮಾಡಿದ್ದೇನು? ಪ್ರತಿಭಟಿಸಿದರು, ಆಮೇಲೆ ಸದ್ದಿಲ್ಲದೆ ಖಾಸಗಿ ರೋಗಿಗಳ ಕಡೆಗೆ ವಾಲಿದರು. 2022ರಲ್ಲಿ ಬಿಬಿಸಿ ಬ್ರಿಟನ್ನಿನ ಚಿಕಿತ್ಸಾಲಯಗಳನ್ನೆಲ್ಲ ವಿಚಾರಿಸಿದಾಗ ಹತ್ತರಲ್ಲಿ ಒಂಬತ್ತು ಕಡೆ ಸರ್ಕಾರಿ ಸೇವೆಯಡಿ ಹೊಸ ವಯಸ್ಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಚಿಕಿತ್ಸಾಲಯವೊಂದು ಸರ್ಕಾರಿ ಸೇವೆಗೆ ಬಾಗಿಲು ತೆರೆದ ದಿನ ನಿಂತ ಸರತಿ ಎಷ್ಟು ಉದ್ದವಾಯಿತೆಂದರೆ ಪೊಲೀಸರು ಬರಬೇಕಾಯಿತು. ಹಕ್ಕನ್ನು ಯಾರೂ ರದ್ದು ಮಾಡಿರಲಿಲ್ಲ.

ಲೆಕ್ಕಿಗ

ವಿವರಣೆಗೆ ಕೃತಜ್ಞ. ಆದರೆ ತಾವು ಹೇಳಿದ್ದು ಎಲ್ಲರಿಗೂ ಕೊಡಲು ಹೊರಟು ದರವನ್ನು ಕೆಡಿಸಿಕೊಂಡ ಕಥೆ. ಬಡವರಿಗೆ ಮಾತ್ರ ಕೊಟ್ಟು ದರವನ್ನು ಸರಿಯಾಗಿ ಇಟ್ಟರೆ ಈ ಸಮಸ್ಯೆ ಬರಲಾರದು ಎಂಬ ನನ್ನ ವಾದ ಹಾಗೆಯೇ ಉಳಿಯುತ್ತದೆ.

ಹಳೆಕಡತ

ಬಡವರಿಗೆ ಮಾತ್ರ ಕೊಡುವ ಯೋಜನೆಯಲ್ಲಿ ದರ ಸರಿಯಾಗಿ ಇರುವುದೇ ಅಪರೂಪ, ಏಕೆಂದರೆ ಅದಕ್ಕಾಗಿ ಗದ್ದಲ ಮಾಡಬಲ್ಲವರು ಆ ಯೋಜನೆಯಲ್ಲಿ ಇರುವುದಿಲ್ಲ. ಅಮೆರಿಕದ ಮೆಡಿಕೇಡ್ ಬಡವರ ಯೋಜನೆ. ಅದರಲ್ಲಿ ಮಕ್ಕಳ ದಂತ ಚಿಕಿತ್ಸೆ ಕಡ್ಡಾಯ, ವಯಸ್ಕರದು ಆಯಾ ರಾಜ್ಯದ ಇಚ್ಛೆ. ಕಡ್ಡಾಯವಿದ್ದರೂ ಏನಾಯಿತು ಎಂಬುದಕ್ಕೆ 2007ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ನಡೆದದ್ದನ್ನು ನೋಡಬೇಕು. ಹನ್ನೆರಡು ವರ್ಷದ ಹುಡುಗನೊಬ್ಬನ ಹಲ್ಲಿನ ಸೋಂಕು ಮಿದುಳಿಗೆ ಹರಡಿ ಅವನು ತೀರಿಕೊಂಡನು. ಮಕ್ಕಳಿಗೆ ಮೆಡಿಕೇಡ್ ಒಪ್ಪುವ ದಂತವೈದ್ಯರನ್ನು ಹುಡುಕಿ ತಾಯಿ ಸೋತಿದ್ದಳು. ಕೀಳಲು ಸುಮಾರು 80 ಡಾಲರ್ ಸಾಕಾಗುತ್ತಿದ್ದ ಹಲ್ಲಿಗಾಗಿ ಆಸ್ಪತ್ರೆಯ ವೆಚ್ಚ ಎರಡು ಲಕ್ಷ ಡಾಲರುಗಳನ್ನು ದಾಟಿತ್ತು. ಆ ರಾಜ್ಯ ನಂತರ ದರಗಳನ್ನು ಹೆಚ್ಚಿಸಿ ವ್ಯವಸ್ಥೆಯನ್ನು ಸುಧಾರಿಸಿತು, ಅದನ್ನೂ ಹೇಳಬೇಕು. ಆದರೆ ಸುಧಾರಣೆಗೆ ಅಷ್ಟು ದೊಡ್ಡ ಆಘಾತ ಬೇಕಾಯಿತು.

ತಾವು ಒಪ್ಪವೆಂದ ಕೆನಡಾದ ಯೋಜನೆಯಲ್ಲೂ ಮೊದಲ ತಿಂಗಳುಗಳಲ್ಲಿ ಅನೇಕ ದಂತವೈದ್ಯರು ನೋಂದಾಯಿಸಿಕೊಳ್ಳಲು ಹಿಂದೇಟು ಹಾಕಿದರು. 2024ರ ಜುಲೈಯಿಂದ, ಪೂರ್ತಿಯಾಗಿ ನೋಂದಾಯಿಸಿಕೊಳ್ಳದೆಯೂ ಒಬ್ಬೊಬ್ಬ ರೋಗಿಯ ಲೆಕ್ಕದಲ್ಲಿ ಬಿಲ್ಲು ಕಳುಹಿಸಬಹುದು ಎಂದು ನಿಯಮವನ್ನು ಸಡಿಲಿಸಬೇಕಾಯಿತು. ಯೋಜನೆಯ ದರಕ್ಕೂ ದಂತವೈದ್ಯರ ದರಕ್ಕೂ ವ್ಯತ್ಯಾಸವಿದ್ದರೆ ಅದನ್ನು ರೋಗಿಯೇ ತುಂಬಬೇಕು.

ಹಗಲಿರುಳು

ತಾವೆಲ್ಲರೂ ಕುರ್ಚಿಯವರೆಗೆ ನಡೆದು ಬರಬಲ್ಲ ರೋಗಿಯನ್ನು ಕುರಿತು ಮಾತನಾಡುತ್ತಿದ್ದೀರಿ. ನಮ್ಮ ತಾಯಿ ಪಾರ್ಶ್ವವಾಯುವಿನ ನಂತರ ನಾಲ್ಕು ವರ್ಷಗಳಿಂದ ಹಾಸಿಗೆಯಲ್ಲಿದ್ದಾರೆ. ಅವರ ಹಳೆಯ ಸೆಟ್ಟು ವಸಡಿಗೆ ಕೂಡುತ್ತಿಲ್ಲ, ಸಡಿಲಗೊಂಡು ಒತ್ತಿದ ಕಡೆಯಲ್ಲೆಲ್ಲ ಹುಣ್ಣಾಗಿದೆ. ನಮ್ಮಲ್ಲಿನ ಯೋಜನೆಯ ಪ್ರಕಾರ ಅವರಿಗೆ ಹೊಸ ಸೆಟ್ಟು ಉಚಿತ. ಅಳತೆ ಕೊಡಲು ಮಾತ್ರ ಅವರೇ ನಾಲ್ಕೈದು ಬಾರಿ ಬರಬೇಕು. ಮನೆಗೆ ಬಂದು ಅಳತೆ ತೆಗೆಯಲು ಯಾರಿಗೂ ಯಾವ ಲೆಕ್ಕದಲ್ಲೂ ಹಣ ಕೊಡುವ ಅವಕಾಶ ಇಲ್ಲವೆಂದು ನಯವಾಗಿಯೇ ತಿಳಿಸಿದರು. ಅವರನ್ನು ದೂಷಿಸುವುದಿಲ್ಲ, ನಿಯಮ ಬರೆದವರ ಕಣ್ಣಿಗೆ ನಮ್ಮ ತಾಯಿಯಂಥವರು ಬಿದ್ದಿಲ್ಲ ಅಷ್ಟೆ. ಅಗಿಯಲಾಗದೆ ಎಲ್ಲವನ್ನೂ ಅರೆದು ಕೊಡುತ್ತಿದ್ದೇವೆ, ತೂಕ ಇಳಿಯುತ್ತಿದೆ, ಅದಕ್ಕೆ ಚಿಕಿತ್ಸೆ ಕೊಡಲು ಬೇರೆ ವೈದ್ಯರು ಮನೆಗೇ ಬರುತ್ತಾರೆ. ದೇಹಕ್ಕೆ ಬರುವವರು ಬಾಯಿಗೆ ಬರುವುದಿಲ್ಲ.

ಸಂಜೆಪಾಳಿ

ಹಗಲಿರುಳು ಅವರೇ, ತಮ್ಮ ತಾಯಿಯವರ ಹುಣ್ಣುಗಳನ್ನು ತಡಮಾಡದೆ ಯಾರಿಗಾದರೂ ತೋರಿಸಿ. ಸೆಟ್ಟನ್ನು ರಾತ್ರಿ ತಪ್ಪದೆ ತೆಗೆದು ತೊಳೆದಿಡಿ, ಹುಣ್ಣು ಮಾಯುವವರೆಗೆ ಹಗಲಿನಲ್ಲೂ ಸಾಧ್ಯವಾದಷ್ಟು ತೆಗೆದೇ ಇರಿಸಿ. ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು ಯಾವುದೇ ಇರಲಿ, ಅದು ಸೆಟ್ಟಿನಿಂದ ಆದದ್ದೆಂದು ಊಹಿಸಿ ಸುಮ್ಮನಿರಬಾರದು. ಹೊಸ ಸೆಟ್ಟು ಸಾಧ್ಯವಾಗದಿದ್ದರೂ ಹಳೆಯದಕ್ಕೆ ಒಳಪದರ ಕೊಟ್ಟು ವಸಡಿಗೆ ಕೂಡಿಸುವ ಕ್ರಮವಿದೆ. ಅದನ್ನು ಒಂದೇ ಭೇಟಿಯಲ್ಲಿ, ಹಾಸಿಗೆಯ ಪಕ್ಕದಲ್ಲೇ ಮಾಡಲು ಬರುತ್ತದೆ. ಅದನ್ನು ಕೇಳಿ ನೋಡಿ.

ತಾವು ಹೇಳಿದ್ದರಿಂದ ಇನ್ನೊಂದು ಮಾತು ಹೊಳೆಯಿತು. ಹಲ್ಲಿನ ಕೆಲಸವೆಲ್ಲ ಪದವೀಧರ ದಂತವೈದ್ಯರ ಕೈಯಿಂದಲೇ, ಕೊರೆಯುವ ಯಂತ್ರವಿರುವ ಕುರ್ಚಿಯಲ್ಲೇ ಆಗಬೇಕೆಂಬ ಊಹೆಯನ್ನು ನಾವು ಪ್ರಶ್ನಿಸುವುದೇ ಇಲ್ಲ. ನ್ಯೂಜಿಲೆಂಡ್ 1921ರಲ್ಲೇ ದಂತ ದಾದಿಯರಿಗೆ ತರಬೇತಿ ಆರಂಭಿಸಿ, ಆಮೇಲೆ ಅವರನ್ನು ಶಾಲೆಗಳಿಗೆ ಕಳುಹಿಸಿತು, ಮಕ್ಕಳ ಹಲ್ಲನ್ನು ಅವರೇ ಪರೀಕ್ಷಿಸಿ ತುಂಬುತ್ತಿದ್ದರು. ನಮ್ಮ ವೃತ್ತಿಯವರು ಅನೇಕ ದೇಶಗಳಲ್ಲಿ ಇಂಥ ವ್ಯವಸ್ಥೆಯನ್ನು ವಿರೋಧಿಸಿದ್ದಾರೆ. ರೋಗಿಗಳ ಸುರಕ್ಷತೆಯ ಹೆಸರಿನಲ್ಲಿ ನಡೆದ ಆ ವಿರೋಧದಲ್ಲಿ ಎಷ್ಟು ಪಾಲು ಸುರಕ್ಷತೆಯದು, ಎಷ್ಟು ಪಾಲು ಜೇಬಿನದು ಎಂಬುದನ್ನು ನಾನು, ಒಳಗಿನವಳಾಗಿ, ತುಸು ಮುಜುಗರದಿಂದಲೇ ಕೇಳಿಕೊಳ್ಳುತ್ತೇನೆ.

ಸಾಮಗ್ರಿಗಳೂ ಬದಲಾಗಿವೆ. ಹುಳುಕಿನ ಮೆತ್ತಗಾದ ಭಾಗವನ್ನು ಕೈಯುಪಕರಣದಿಂದ ಕೆರೆದು ತೆಗೆದು ಗ್ಲಾಸ್ ಅಯೊನೊಮರ್ ಸಿಮೆಂಟನ್ನು ತುಂಬಲು ವಿದ್ಯುತ್ತೂ ಬೇಡ, ಹೆಚ್ಚಿನ ಸಂದರ್ಭಗಳಲ್ಲಿ ಅರಿವಳಿಕೆಯ ಚುಚ್ಚುಮದ್ದೂ ಬೇಡ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಹಚ್ಚಿದರೆ ಅದು ಮುಂದುವರಿಯುವುದು ಬಹಳಷ್ಟು ಸಲ ನಿಲ್ಲುತ್ತದೆ. ಹಲ್ಲಿನ ಆ ಭಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ಹೇಳದೆ ಹಚ್ಚುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಎರಡನ್ನೂ ಫ್ಲೋರೈಡ್ ಟೂತ್‌ಪೇಸ್ಟನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೂ ಶಾಲೆಗೂ ಹೋಗಬಹುದು.

ಹಳೆಕಡತ

ಬ್ರೆಜಿಲ್ ಬಹುಮಟ್ಟಿಗೆ ಈ ದಾರಿಯಲ್ಲೇ ಹೋದದ್ದು. ಅಲ್ಲಿ ಮನೆಮನೆಗೆ ಹೋಗುವ ಕುಟುಂಬ ಆರೋಗ್ಯ ತಂಡಗಳು ಮೊದಲೇ ಇದ್ದವು, ಅವುಗಳ ಜೊತೆಗೆ ದಂತವೈದ್ಯರನ್ನೂ ಸಹಾಯಕರನ್ನೂ ಜೋಡಿಸಿದರು. 2004ರಲ್ಲಿ 'ನಗುವ ಬ್ರೆಜಿಲ್' ಎಂಬ ಅರ್ಥದ ರಾಷ್ಟ್ರೀಯ ಕಾರ್ಯಕ್ರಮ ಬಂದ ಮೇಲೆ ರೂಟ್ ಕೆನಾಲ್‌ನಂಥ ಕೆಲಸಗಳಿಗೆ ಪ್ರತ್ಯೇಕ ಕೇಂದ್ರಗಳೂ ಸೆಟ್ಟು ತಯಾರಿಸುವ ಪ್ರಯೋಗಾಲಯಗಳೂ ತೆರೆದವು. ನಿಧಾನವಾಚಕ ಅವರ ಹಲ್ಲಿಗೆ ಬೇಕಾಗಿದ್ದದ್ದು ಇಂಥ ಎರಡನೆಯ ಮೆಟ್ಟಿಲು. ಮೊದಲ ಮೆಟ್ಟಿಲಿನಲ್ಲಿ ಕೀಳುವುದನ್ನು ಮಾತ್ರ ಇಟ್ಟು ಮೇಲಿನ ಮೆಟ್ಟಿಲನ್ನೇ ಕಟ್ಟದಿದ್ದರೆ ವೈದ್ಯರು ಎಷ್ಟೇ ಒಳ್ಳೆಯವರಾದರೂ ಇಕ್ಕಳವನ್ನೇ ಹಿಡಿಯಬೇಕಾಗುತ್ತದೆ. 2023ರಲ್ಲಿ ಬ್ರೆಜಿಲ್ ಇದನ್ನು ಕಾನೂನಿಗೇ ಸೇರಿಸಿತು, ಹೀಗಾಗಿ ಮುಂದಿನ ಸರ್ಕಾರವೊಂದು ಸುಮ್ಮನೆ ಕೈಬಿಡುವುದು ಕಷ್ಟ.

ಲೆಕ್ಕಿಗ

ಬಡವರಿಗೆ ಮಾತ್ರ ಎಂಬ ನನ್ನ ಮಾತಿನಲ್ಲಿ ಸ್ವಲ್ಪ ಹಿಂದೆ ಸರಿಯುತ್ತೇನೆ. ತಡೆಗಟ್ಟುವ ಕೆಲಸ ಮತ್ತು ಮಕ್ಕಳ ಚಿಕಿತ್ಸೆ ಎಲ್ಲರಿಗೂ ಸಿಗಬೇಕೆಂಬುದಕ್ಕೆ ಲೆಕ್ಕದ ಆಧಾರವೇ ಇದೆ. ಇಂಗ್ಲೆಂಡಿನಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಕಾರಣಗಳಲ್ಲಿ ಹಲ್ಲಿನ ಹುಳುಕೇ ಮೊದಲನೆಯದೆಂದು ಓದಿದಾಗ ನನಗೆ ನಂಬಲು ಕಷ್ಟವಾಯಿತು. ಪೂರ್ತಿ ಅರಿವಳಿಕೆ ಕೊಟ್ಟು ಮಗುವಿನ ಹಲ್ಲುಗಳನ್ನು ಕೀಳುವ ವೆಚ್ಚದ ಮುಂದೆ ಸ್ಕಾಟ್ಲೆಂಡಿನವರು ಶಿಶುವಿಹಾರಗಳಲ್ಲಿ ಶಿಕ್ಷಕಿಯರ ಎದುರಿನಲ್ಲೇ ದಿನಕ್ಕೊಮ್ಮೆ ಮಕ್ಕಳಿಂದ ಹಲ್ಲುಜ್ಜಿಸುವ ಕಾರ್ಯಕ್ರಮದ ವೆಚ್ಚ ಏನೇನೂ ಅಲ್ಲ.

ಆದರೆ ವಯಸ್ಕರ ಕ್ಯಾಪು, ಬ್ರಿಜ್ಜು, ಸೆಟ್ಟುಗಳಲ್ಲಿ ರೋಗಿಯ ಪಾಲು ಇರಲೇಬೇಕೆಂಬ ನಿಲುವನ್ನು ಬಿಡುವುದಿಲ್ಲ. ಜರ್ಮನಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಚಿಕ್ಕ ಪುಸ್ತಕ ಇರುತ್ತದೆ, ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿದರೆ ಅದರಲ್ಲಿ ಮುದ್ರೆ ಬೀಳುತ್ತದೆ. ಕ್ಯಾಪು, ಸೆಟ್ಟುಗಳಿಗೆ ವಿಮೆ ಸಾಮಾನ್ಯವಾಗಿ ನಿಗದಿತ ಮಟ್ಟದ ಚಿಕಿತ್ಸೆಯ ವೆಚ್ಚದ ಶೇಕಡಾ 60ರಷ್ಟನ್ನು ಕೊಡುತ್ತದೆ. ಐದು ವರ್ಷ ತಪ್ಪದೆ ತಪಾಸಣೆ ಮಾಡಿಸಿದವರಿಗೆ 70, ಹತ್ತು ವರ್ಷ ಮಾಡಿಸಿದವರಿಗೆ 75. ತನ್ನ ಹಲ್ಲನ್ನು ನೋಡಿಕೊಂಡವನಿಗೆ ಸಮಾಜವೂ ಸ್ವಲ್ಪ ಹೆಚ್ಚು ಕೊಡುವುದು ಅನ್ಯಾಯವೇ?

ಹಗಲಿರುಳು

ಹತ್ತಿರದಲ್ಲಿ ದಂತವೈದ್ಯರು ಇರುವವನಿಗೆ, ರಜೆ ಸಿಗುವ ಕೆಲಸದಲ್ಲಿರುವವನಿಗೆ, ನಡೆಯಬಲ್ಲವನಿಗೆ ಅದು ಅನ್ಯಾಯವಲ್ಲ. ನಮ್ಮ ತಾಯಿಯ ಪುಸ್ತಕದಲ್ಲಿ ನಾಲ್ಕು ವರ್ಷಗಳ ಪುಟ ಖಾಲಿಯಿರುತ್ತಿತ್ತು. ಅದನ್ನು ಅಲಕ್ಷ್ಯ ಎಂದು ಓದುವವರು ಯಾರು, ಅಸಹಾಯಕತೆ ಎಂದು ಓದುವವರು ಯಾರು?

ಸಂಜೆಪಾಳಿ

ಇಲ್ಲಿ ನಾನು ಹಗಲಿರುಳು ಅವರ ಕಡೆಗೇ ನಿಲ್ಲುತ್ತೇನೆ, ಆದರೂ ಲೆಕ್ಕಿಗ ಅವರ ಪುಸ್ತಕದ ಕಲ್ಪನೆಯನ್ನು ಪೂರ್ತಿ ತಳ್ಳಿಹಾಕಲಾರೆ. ನೋವು ಬಂದಾಗ ಮಾತ್ರ ಬರುವ ರೋಗಿಯ ಹಲ್ಲನ್ನು ಉಳಿಸುವುದು ಎಷ್ಟು ಕಷ್ಟವೆಂದು ದಿನವೂ ನೋಡುತ್ತೇನೆ. ನನಗೆ ಹೆಚ್ಚು ಚಿಂತೆಯಾಗುವುದು ಖಾಲಿ ಪುಟಗಳನ್ನು ಯಾರೂ ಎಣಿಸದೆ ಇರುವುದು. ಇಂಗ್ಲೆಂಡಿನಲ್ಲಿ 2006ರ ಒಪ್ಪಂದದ ನಂತರ ರೋಗಿಯನ್ನು ಒಂದು ಚಿಕಿತ್ಸಾಲಯಕ್ಕೆ ನೋಂದಾಯಿಸುವ ಪದ್ಧತಿಯೇ ಹೋಯಿತು. ಈಗ ಅವರು ಲೆಕ್ಕ ಇಡುವುದು ಕಳೆದ 24 ತಿಂಗಳಲ್ಲಿ ದಂತವೈದ್ಯರನ್ನು ಕಂಡ ವಯಸ್ಕರು ಎಷ್ಟು, 12 ತಿಂಗಳಲ್ಲಿ ಕಂಡ ಮಕ್ಕಳು ಎಷ್ಟು ಎಂದು. ಕಾಣದವರಲ್ಲಿ ಬೇಡವೆಂದು ಬಿಟ್ಟವರು ಎಷ್ಟು, ಬಾಗಿಲಿಗೆ ಬಂದು ಮರಳಿದವರು ಎಷ್ಟು ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ, ಅದಕ್ಕೆ ಬೇರೆಯಾಗಿ ಸಮೀಕ್ಷೆ ನಡೆಸಿ ಕೇಳಬೇಕು.

ನಾನು ಕೆಲಸ ಮಾಡುವಲ್ಲಿಯೂ ಇದೇ ಕಥೆ. ತಿಂಗಳ ಕೊನೆಗೆ ಕಳುಹಿಸುವ ನಮೂನೆಯಲ್ಲಿ ಕಿತ್ತ ಹಲ್ಲುಗಳಿಗೆ ಒಂದು ಕಾಲಮ್ಮು, ತುಂಬಿದ ಹಲ್ಲುಗಳಿಗೆ ಒಂದು, ಶುಚಿಗೊಳಿಸಿದವುಗಳಿಗೆ ಒಂದು. ಉಳಿಸಬಹುದಾಗಿದ್ದು ಕಿತ್ತ ಹಲ್ಲಿಗೂ ಉಳಿಸಲಾಗದೆ ಕಿತ್ತ ಹಲ್ಲಿಗೂ ಅದರಲ್ಲಿ ವ್ಯತ್ಯಾಸವಿಲ್ಲ. ಮೇಲಿನವರು ಆ ನಮೂನೆಯನ್ನು ನೋಡಿ, ಇಲ್ಲಿ ರೂಟ್ ಕೆನಾಲ್‌ಗೆ ಬೇಡಿಕೆಯೇ ಇಲ್ಲವಲ್ಲ, ಅದರ ಉಪಕರಣ ಏಕೆ ಎಂದು ಕೇಳಿದರೆ ನನ್ನ ಬಳಿ ತೋರಿಸಲು ಏನೂ ಇರುವುದಿಲ್ಲ.

ನಿಧಾನವಾಚಕ

ಹಾಗಾದರೆ ನನ್ನ ಹಲ್ಲೂ ಯಾವುದೋ ನಮೂನೆಯಲ್ಲಿ ಯಶಸ್ವಿಯಾಗಿ ಮುಗಿದ ಚಿಕಿತ್ಸೆಯಾಗಿ ಸೇರಿದೆ ಎಂದಾಯಿತು. ಎರಡು ದಿನ ಯೋಚಿಸಿ, ಖಾಸಗಿಯಲ್ಲಿ ವಿಚಾರಿಸಿ, ಕೊನೆಗೆ ಅಲ್ಲಿಯೇ ಕೀಳಿಸಿಕೊಂಡೆ. ಸಂಜೆಪಾಳಿಯವರೇ, ತಮಗೆ ಒಂದು ಸಣ್ಣ ಪ್ರಶ್ನೆ. ನಮೂನೆಯಲ್ಲಿ ಇಲ್ಲದ ಕಾಲಮ್ಮನ್ನು ವೈದ್ಯರೇ ಸೇರಿಸಿಕೊಳ್ಳಲು ಅಡ್ಡಿ ಇದೆಯೆ?

ಸಂಜೆಪಾಳಿ

ಕಳುಹಿಸುವ ನಮೂನೆಯನ್ನು ಮುಟ್ಟುವಂತಿಲ್ಲ. ನನ್ನ ಮೇಜಿನ ಮೇಲಿರುವ ರಿಜಿಸ್ಟರು ಮಾತ್ರ ನನ್ನದೇ. ತಾವು ಕೇಳಿದ ಮರುದಿನ ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, 'ಉಳಿಸಬಹುದಾಗಿತ್ತು' ಎಂದು ತಲೆಬರಹ ಕೊಟ್ಟು, ಅದರ ಕೆಳಗೆ ಹಲ್ಲಿನ ಸಂಖ್ಯೆಯನ್ನೂ ಏಕೆ ಉಳಿಸಲಾಗಲಿಲ್ಲ ಎಂಬುದನ್ನೂ ಒಂದೆರಡು ಪದಗಳಲ್ಲಿ ಬರೆಯತೊಡಗಿದೆ. ಉಪಕರಣವಿಲ್ಲ, ಸಮಯವಿಲ್ಲ, ರೋಗಿ ಮತ್ತೆ ಬರಲಾರರು, ಹೀಗೆ. ಅಂಚು ಚಿಕ್ಕದು. ವಾರ ಮುಗಿಯುವ ಮೊದಲೇ ಅದಕ್ಕೆಂದು ಬೇರೆ ಪುಸ್ತಕ ತೆರೆಯಬೇಕಾಯಿತು.